ಆಯುಧಪೂಜೆಗೆ ಒಗೆದುಬಂದ ಯುದ್ಧ

ಸಿನಿಮಾದ ವಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಹಲಸೂರಿನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು, "ಆಂಟಿ, ಯಾವ್ಯಾವ ಹೀರೋಗೆ ಕಾಸ್ಟ್ಯೂಮ್ ಮಾಡಿದೀರಾ?" ಎಂದು. ಹೀರೋಗೆ ಬಟ್ಟೆ ತೊಡಿಸುವುದು ಒಂದು ಕೆಲಸವೇ? ಅವರು ಗೋಣಿಚೀಲ ಸುತ್ತಿಕೊಂಡು ಬಂದರೂ ಜನ ಶಿಳ್ಳೆ ಹೊಡೆಯುತ್ತಾರೆ. ನಮ್ಮ ಕೆಲಸ ಇರುವುದು ಹಿಂದೆ ನಿಂತವರ ಬಟ್ಟೆಯಲ್ಲಿ. ಅದನ್ನು ಯಾರೂ ನೋಡುವುದಿಲ್ಲ. ನೋಡಿದರು ಅಂದರೆ ನಾವು ಕೆಟ್ಟೆವು ಎಂದೇ ಅರ್ಥ.

ನನಗೆ ಈ ವಿದ್ಯೆ ಕಲಿಸಿದವರು ಶಿವಾಜಿನಗರದ ಖಾದರ್ ಮಾಸ್ಟರ್. ನಮ್ಮಪ್ಪ ಟೈಲರ್ ಆಗಿದ್ದರಿಂದ ನನಗೆ ಕತ್ತರಿ, ಹೊಲಿಗೆ ಎರಡೂ ಕೈಗೆ ಹತ್ತಿತ್ತು. ಆ ಧೈರ್ಯದ ಮೇಲೆ ಮಾಸ್ಟರ್ ಹತ್ತಿರ ಹೋಗಿ, "ಏನು ಕೊಟ್ರೂ ಹೊಲೀತೀನಿ ಸಾರ್" ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಅರೇ ಬೇಟಿ, ನಯಾ ಕಪಡಾ ಯಾರು ಬೇಕಾದ್ರೂ ಹೊಲೀತಾರೆ. ಪುರಾನಾ ಹೊಲಿ, ನೋಡೋಣ" ಎಂದರು.

ಹೊಸದನ್ನು ಹಳೆಯದು ಮಾಡುವುದು. ಇಷ್ಟೇ ನಮ್ಮ ವಿದ್ಯೆ. ಕೇಳಲು ಸುಲಭ, ಮಾಡಿ ನೋಡಿದರೆ ತಿಳಿಯುತ್ತದೆ. ಬಟ್ಟೆ ಎಲ್ಲ ಕಡೆಯೂ ಒಂದೇ ಸಮ ಹಳೆಯದಾಗುವುದಿಲ್ಲ. ಅಡುಗೆ ಮಾಡುವವಳ ಸೆರಗು ಕೈ ಒರೆಸಿ ಒರೆಸಿ ತುದಿಯಲ್ಲಿ ಸೋಲುತ್ತದೆ. ಮಗು ಎತ್ತಿಕೊಳ್ಳುವವಳ ಕುಪ್ಪಸ ಒಂದೇ ಭುಜದಲ್ಲಿ ಮಾಸುತ್ತದೆ. ಶಾಲೆಗೆ ಹೋಗುವ ಹುಡುಗನ ಚಡ್ಡಿ ಎಲ್ಲಿ ಸವೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಟೀ ಡಿಕಾಕ್ಷನ್, ಬೂದಿ, ಉಪ್ಪುಕಾಗದ, ಒರಟು ಕಲ್ಲು, ಬಿಸಿಲು, ಇವೇ ನಮ್ಮ ಬಣ್ಣದ ಪೆಟ್ಟಿಗೆ. "ಬಸ್ಸಲ್ಲಿ ಜನರ ಮುಖ ನೋಡ್ಬೇಡ, ಮೊಣಕೈ ನೋಡು" ಎನ್ನುತ್ತಿದ್ದರು ಮಾಸ್ಟರ್. ನಾನು ಹಾಗೆ ನೋಡುತ್ತಾ ಕೂತು ಎಷ್ಟೋ ಸಲ ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿದ್ದೇನೆ. ಈಗಿನವರ ಹತ್ತಿರ ಡಬ್ಬಿಯಲ್ಲಿ ಬರುವ ಸ್ಪ್ರೇ ಇದೆ. ಬುಸ್ಸೆಂದು ಹೊಡೆದರೆ ಬಟ್ಟೆಗೆ ವಯಸ್ಸಾಗುತ್ತದೆ. ಬೇಡ ಎನ್ನುವುದಿಲ್ಲ, ಬೆನ್ನು ನೋಯುವವರಿಗೆ ಅದು ವರವೇ.

ನಾನು ಮಾಡಿದ ಸಿನಿಮಾಗಳಲ್ಲಿ ನನಗೆ ಈಗಲೂ ನೆನೆಸಿಕೊಂಡರೆ ನಗುವೂ ಅಳುವೂ ಒಟ್ಟಿಗೆ ಬರುವುದು ಒಂದು ಯುದ್ಧದ ಸಿನಿಮಾ. ಹೆಸರು ಬೇಡ. ಗಡಿಯ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನೆ. ಅಜ್ಜಿ, ಮಗ, ಸೊಸೆ, ಒಬ್ಬ ಮೊಮ್ಮಗ. ಊಟಕ್ಕೆ ಕೂತಿದ್ದಾಗ ಗುಂಡಿನ ಸದ್ದು ಶುರುವಾಗಿ ನಾಲ್ಕು ಜನವೂ ಉಟ್ಟ ಬಟ್ಟೆಯಲ್ಲೇ ಓಡುತ್ತಾರೆ. ನಿರಾಶ್ರಿತರ ಶಿಬಿರ, ಕಾಡು, ಮಳೆ, ಎಲ್ಲ ದಾಟಿ ಕೊನೆಯಲ್ಲಿ ಮನೆಗೆ ವಾಪಸಾಗುತ್ತಾರೆ. ಉದ್ದಕ್ಕೂ ಅದೇ ಬಟ್ಟೆ. ಕಥೆ ಕೇಳಿದಾಗ ಮಾಸ್ಟರ್ ಸಂತೋಷದಿಂದ ಕೈ ಉಜ್ಜಿಕೊಂಡರು. ಹಬ್ಬದೂಟಕ್ಕೆ ಕರೆದ ಹಾಗಿತ್ತು ಅವರಿಗೆ.

ಗಡಿಯ ಹಳ್ಳಿಯನ್ನು ಕಟ್ಟಿದ್ದು ದೊಡ್ಡನೆಕ್ಕುಂದಿಯಲ್ಲಿ ಮುಚ್ಚಿಹೋಗಿದ್ದ ಒಂದು ಕಾರ್ಖಾನೆಯ ಅಂಗಳದಲ್ಲಿ. ಯುದ್ಧವಿಮಾನದ ಸದ್ದನ್ನು ಆಮೇಲೆ ಸೇರಿಸುತ್ತೇವೆ ಎಂದು ನಿರ್ದೇಶಕರು ಹೇಳುತ್ತಿದ್ದರೆ, ಆ ಕಡೆ ಹಾರಾಡುವ ನಿಜವಾದ ವಿಮಾನಗಳು ತಲೆಯ ಮೇಲೇ ಹಾದುಹೋಗಿ ಶಾಟ್ ಕೆಡಿಸುತ್ತಿದ್ದವು. "ನಮಗೆ ಬೇಕಾದಾಗ ಬರಲ್ಲ, ಬೇಡದಾಗ ಬರ್ತವೆ" ಎಂದು ಅವರು ಆಕಾಶಕ್ಕೆ ಬೈಯುತ್ತಿದ್ದರು.

ನಿರ್ದೇಶಕರು ಒಳ್ಳೆಯವರೇ. ಆದರೆ ಅವರ ಬಾಯಲ್ಲಿ ಒಂದೇ ಮಾತು: "ಇನ್ನೂ ಕಷ್ಟ ಕಾಣ್ತಿಲ್ಲ ರೀ." ಸೀರೆಯನ್ನು ಕಲ್ಲಿಗೆ ಉಜ್ಜಿ ತಂದರೆ ಕಷ್ಟ ಕಾಣ್ತಿಲ್ಲ. ಕೆಸರಲ್ಲಿ ಹೊರಳಾಡಿಸಿ ತಂದರೆ ಕೊಳಕು ಕಾಣ್ತಿದೆ, ಕಷ್ಟ ಕಾಣ್ತಿಲ್ಲ. ಒಂದು ದಿನ ಮಾಸ್ಟರ್ ತಾಳ್ಮೆ ಕೆಟ್ಟು, "ಸಾರ್, ನನ್ನ ಅಂಗಿ ನೋಡಿ. ಇದರಲ್ಲಿ ಕಾಣ್ತದಾ?" ಎಂದು ಕೇಳಿಬಿಟ್ಟರು. ಇಡೀ ಯೂನಿಟ್ ನಕ್ಕಿತು. ನಿರ್ದೇಶಕರೂ ನಕ್ಕು, "ಸ್ವಲ್ಪ ಕಾಣ್ತದೆ" ಎಂದರು.

ಸೈನಿಕರ ಪಾಡು ಬೇರೆ. ಎರಡು ಸೈನ್ಯಕ್ಕೆ ಆಗುವಷ್ಟು ಜನ ಇರಲಿಲ್ಲ. ರಾಮಮೂರ್ತಿ ನಗರದಲ್ಲಿ ಬಾಡಿಗೆಗೆ ಇದ್ದ ರಾಯಚೂರು ಕಡೆಯ ಗಂಡಸರೇ ಬೆಳಿಗ್ಗೆ ನಮ್ಮ ಸೈನಿಕರು, ಮಧ್ಯಾಹ್ನ ವೈರಿಗಳು. ಊಟದ ಬಿಡುವಿನಲ್ಲಿ ನಾನು ಅಂಗಿ, ಟೋಪಿ ಬದಲಾಯಿಸಿ ಕಳಿಸಬೇಕು. ಅವರಲ್ಲಿ ಶರಣಪ್ಪ ಎನ್ನುವವನು ಗೂಡ್ಸ್ ಆಟೋ ಓಡಿಸುತ್ತಿದ್ದ, ಬಾಡಿಗೆ ಸಿಗದ ದಿನ ಯುದ್ಧಕ್ಕೆ ಬರುತ್ತಿದ್ದ. ಒಂದು ದಿನ ಬಿಸಿಬೇಳೆಬಾತ್ ಜೋರಾಗಿ ಹೊಡೆದು, ನಮ್ಮ ಅಂಗಿಯ ಮೇಲೆ ವೈರಿಯ ಟೋಪಿ ಇಟ್ಟುಕೊಂಡು ಕಂದಕದಲ್ಲಿ ಮಲಗಿದ. ನಿರ್ದೇಶಕರು ಮಾನಿಟರ್ ನೋಡಿ ಕೂಗಿದರು, "ಏಯ್, ನೀನು ಯಾರ ಕಡೆಯವನಯ್ಯಾ?"

ಶರಣಪ್ಪ ಎದ್ದು ಕೈಮುಗಿದ. "ಊಟ ಯಾರು ಹಾಕ್ತಾರೋ ಅವರ ಕಡೀರಿ ಸರ. ಮುಂಜಾನಿಂದ ಎರಡೂ ಕಡೀ ನಾನೇ ಸಾಯಾಕತ್ತೀನಿ, ನನಗೂ ತಿಳೀವಲ್ದು."

ಆ ಬೈಗುಳ ನನಗೆ ಬಿತ್ತು. ಈಗ ಪ್ರತಿಯೊಬ್ಬನನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ, ಟೋಪಿ ಬದಲಾಗುವುದಿಲ್ಲ. ಆಗ ಎಲ್ಲ ತಲೆಯಲ್ಲೇ ಇರಬೇಕಿತ್ತು.

ಇಷ್ಟೆಲ್ಲದರ ನಡುವೆ ಆ ಮನೆಯವರ ಬಟ್ಟೆ ದಿನದಿಂದ ದಿನಕ್ಕೆ ಹದವಾಗಿ ಹಾಳಾಗುತ್ತಾ ಬಂದಿತ್ತು. ಮೊದಲು ಪ್ರತಿಯೊಂದಕ್ಕೂ ಜೋಡಿ ಇದ್ದವು. ಸ್ಫೋಟದ ದೃಶ್ಯದಲ್ಲಿ ಜೋಡಿಗಳು ಸುಟ್ಟುಹೋಗಿ ಉಳಿದದ್ದು ಒಂದೊಂದೇ. ಅಜ್ಜಿಯ ಸೀರೆ, ಸೊಸೆಯ ಸೀರೆ, ಮಗನ ಪಂಚೆ, ಮೊಮ್ಮಗನ ಅಂಗಿ ಚಡ್ಡಿ. ಅವನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಮಾಸ್ಟರ್ ಅದಕ್ಕೆ ಕಷ್ಟದ ಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಬೀಗದ ಕೈ ಅವರ ಉಡಿದಾರದಲ್ಲಿ. ಉಳಿದಿದ್ದದ್ದು ಒಂದೇ ದೃಶ್ಯ, ಎಲ್ಲಕ್ಕಿಂತ ದೊಡ್ಡದು: ಯುದ್ಧ ಮುಗಿದ ಮೇಲೆ ಮನೆಯವರು ವಾಪಸ್ ಬಂದು ಹೊಸ್ತಿಲ ಮುಂದೆ ನಿಲ್ಲುವುದು. ಅದನ್ನು ಶುಭದಿನ ಎಂದು ವಿಜಯದಶಮಿಗೆ ಇಟ್ಟುಕೊಂಡಿದ್ದರು. ಮರುದಿನ ಕಾರ್ಖಾನೆಯ ಅಂಗಳ ಬಿಟ್ಟುಕೊಡಬೇಕು, ಅಜ್ಜಿಯ ಪಾತ್ರ ಮಾಡುತ್ತಿದ್ದ ಹಳೆಯ ನಾಟಕ ಕಂಪನಿಯ ಅಮ್ಮನೂ ಊರಿಗೆ ಹೊರಡಬೇಕು. ಆ ದಿನ ತಪ್ಪಿದರೆ ಇನ್ನೊಂದು ದಿನ ಇರಲಿಲ್ಲ.

ಈಗ ಮುನಿಯಪ್ಪಣ್ಣನ ಸಂಗತಿ ಹೇಳಬೇಕು. ಹಲಸೂರಿನ ಧೋಬಿ ಘಾಟಿನವರು. ಅವರ ತಾತ ದಂಡಿನ ಬ್ರಿಟಿಷ್ ದೊರೆಗಳ ಬಟ್ಟೆ ಒಗೆದವರಂತೆ. ಸಿನಿಮಾದವರ ಬಟ್ಟೆ ಒಗೆಯುವ ಕೆಲಸವನ್ನು ನಾನೇ ಅವರಿಗೆ ಹಿಡಿಸಿದ್ದೆ. ಹಾಡಿನ ದೃಶ್ಯದ ಬಿಳಿ ಪ್ಯಾಂಟು, ಮದುವೆ ದೃಶ್ಯದ ರೇಷ್ಮೆ, ಯಾವುದು ಕೊಟ್ಟರೂ ಒಂದು ಕಲೆ ಉಳಿಯುತ್ತಿರಲಿಲ್ಲ. ಮುನಿಯಪ್ಪನ ಕೈಯಲ್ಲಿ ಬಟ್ಟೆ ಹಾಳಾಯಿತು ಎನ್ನುವ ಮಾತು ಆ ಘಾಟಿನಲ್ಲಿ ಯಾರೂ ಕೇಳಿರಲಿಲ್ಲ. ಆ ಹೆಸರೇ ಅವರ ಆಸ್ತಿ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಮಾತ್ರ ದುಡುಕಿನ ಮನುಷ್ಯ, ಟೀಗೆ ಸಕ್ಕರೆ ಹೆಚ್ಚಾಯಿತೆಂದು ಟೀಯವರನ್ನೇ ಬದಲಾಯಿಸಿದವರು.

ಆಯುಧಪೂಜೆ ಅಂದರೆ ನಮ್ಮಲ್ಲಿ ಕ್ಯಾಮೆರಾ, ಜನರೇಟರ್, ಲೈಟು, ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಪೂಜೆ. ಹಬ್ಬ ಹತ್ತಿರ ಬಂದಾಗ ಪೆಟ್ಟಿಗೆಗಳನ್ನೆಲ್ಲ ಖಾಲಿ ಮಾಡಿ, ಬಟ್ಟೆಯನ್ನು ಪಕ್ಕದಲ್ಲಿ ರಾಶಿ ಹಾಕಿ ಬಿಸಿಲಿಗೆ ಇಟ್ಟೆವು. ಆ ದಿನಗಳಲ್ಲಿ ಬರೀ ಸೈನಿಕರ ಶೂಟಿಂಗ್, ಮನೆಯವರಿಗೆ ರಜೆ. ಒಗೆಯುವ ಗಂಟು ತೆಗೆದುಕೊಂಡು ಹೋಗಲು ಮುನಿಯಪ್ಪಣ್ಣ ಬಂದಾಗ ನಾವಿಬ್ಬರೂ ಕಂದಕದ ಹತ್ತಿರ ಟೋಪಿ ಹಂಚುತ್ತಿದ್ದೆವು. ಸಂಜೆ ಯೂನಿಟ್ಟಿನ ಹುಡುಗರು ಪೆಟ್ಟಿಗೆಗಳನ್ನು ಮುಚ್ಚಿ ಒಳಗಿಟ್ಟರು, ಆಮೇಲೆ ಕಷ್ಟದ ಪೆಟ್ಟಿಗೆಯನ್ನು ತೆರೆಯುವ ಪ್ರಸಂಗವೇ ಬರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಮುನಿಯಪ್ಪಣ್ಣ ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ತಲೆಯ ಮೇಲೆ ಒಂದು ಗಂಟು ಹೊತ್ತು ಬಂದರು. ಮುಖದಲ್ಲಿ ಅಂಥ ಕಳೆ.

"ಅಕ್ಕಾ, ಬಿಚ್ಚಿ ನೋಡಿ. ಹೆಂಗಿದೆ ಹೇಳಿ."

ಬಿಚ್ಚಿದೆ. ಅಜ್ಜಿಯ ಸೀರೆ ಮಡಿಕೆ ಮಡಿಕೆಯಾಗಿ ಗಂಜಿ ಹಾಕಿಸಿಕೊಂಡು ಮಲಗಿತ್ತು. ಮಗನ ಪಂಚೆ ಮಲ್ಲಿಗೆಯಷ್ಟು ಬೆಳ್ಳಗೆ. ಮೊಮ್ಮಗನ ಚಡ್ಡಿಗೆ ಇಸ್ತ್ರಿಯ ಗೆರೆ. ಮೂಲೆಮೂಲೆಗೂ ಅರಿಶಿನ ಬೇರೆ.

"ದೇವಿ ಮುಂದೆ ಅಂಥ ಬಟ್ಟೆ ಇಡಕ್ಕಾಗುತ್ತಾ ಅಕ್ಕಾ? ಆ ಮನೆಯವರ ಕೆಲಸಾನೂ ಮುಗೀತಲ್ಲ ಅಂತ ತಗೊಂಡೋದೆ. ಅಬ್ಬಬ್ಬಾ, ಏನು ಕೊಳೆ! ನೀರು ಹಾಕಿ ಹಾಕಿ ಸಾಕಾಯ್ತು. ಹರಿದಿದ್ದನ್ನೆಲ್ಲ ನಮ್ಮನೆಯವ್ಳು ಸರಸ ಕೂತ್ಕೊಂಡು ಹೊಲಿದವ್ಳೆ. ದುಡ್ಡಿನ ಮಾತು ಬೇಡ, ಇದು ಹಬ್ಬಕ್ಕೆ ನಮ್ಮ ಸೇವೆ."

ನಾಳೆಯ ದೃಶ್ಯಕ್ಕೆ ಬೇಕಾದ ಕೊಳೆಯೆಲ್ಲ ಹೋಗಿತ್ತು. ಆದರೆ ಮುನಿಯಪ್ಪಣ್ಣ ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ನಿಂತಿದ್ದರು. "ತುಂಬಾ ಚೆನ್ನಾಗಿದೆ ಮುನಿಯಪ್ಪಣ್ಣ" ಎಂದೆ. ಮಾಸ್ಟರ್ ಬಂದು ನೋಡಿದರು. ಒಂದು ಗಳಿಗೆ ಕಣ್ಣು ಮುಚ್ಚಿ "ಯಾ ಅಲ್ಲಾ" ಎಂದುಕೊಂಡು, ಕಣ್ಣು ಬಿಟ್ಟು ಮುನಿಯಪ್ಪಣ್ಣನ ಬೆನ್ನು ತಟ್ಟಿದರು. "ಬಹುತ್ ಖೂಬ್, ಮುನಿಯಪ್ಪ. ಸರಸಮ್ಮನಿಗೂ ಹೇಳು." ಮುನಿಯಪ್ಪಣ್ಣ ಹೋದ ಕೂಡಲೇ ಮಾಸ್ಟರ್ ಬಟ್ಟೆಯನ್ನೆಲ್ಲ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟರು.

"ಮಾಸ್ಟರ್, ಈಗೇನು ಮಾಡೋದು?"

"ಯಾರಿಗೂ ಬೋಲ್ನಕ್ಕೋ. ಮ್ಯಾನೇಜರ್‌ಗೆ ಗೊತ್ತಾದ್ರೆ ಮುನಿಯಪ್ಪನ ಕತೆ ಮುಗೀತು. ಗೇಟ್ ಹೊರಗೇ ಹಾಕ್ತಾನೆ. ಎಲ್ಲರ ಮುಂದೆ ಹಾಕ್ತಾನೆ."

ಪುರೋಹಿತರು ಕುಂಕುಮದ ತಟ್ಟೆ ಹಿಡಿದು ಬಂದರು. "ಸ್ವಲ್ಪ ಏಳಿ, ಪೆಟ್ಟಿಗೆ ತೆಗೀರಿ, ಒಳಗೂ ಅಕ್ಷತೆ ಹಾಕೋಣ." ಮಾಸ್ಟರ್ ಮಂಡಿ ಹಿಡಿದುಕೊಂಡು ನರಳಿದರು, "ಮಂಡಿ ಹಿಡ್ಕೊಂಡುಬಿಟ್ಟಿದೆ ಸ್ವಾಮಿ, ಏಳಕ್ಕಾಗ್ತಿಲ್ಲ." ಪುರೋಹಿತರು ಬೇರೆ ದಾರಿ ಕಾಣದೆ ಪೆಟ್ಟಿಗೆಗೂ ಮಾಸ್ಟರಿಗೂ ಸೇರಿಸಿ ಮಂಗಳಾರತಿ ಎತ್ತಿದರು. ನಮ್ಮ ಯೂನಿಟ್ಟಿನಲ್ಲಿ ಪೂಜೆ ಮಾಡಿಸಿಕೊಂಡ ಮನುಷ್ಯ ಅವರೊಬ್ಬರೇ.

ಮಧ್ಯಾಹ್ನ ಎಲ್ಲರೂ ಹೋಳಿಗೆ ತಿಂದು ಮನೆಗೆ ಹೋದರು. ಶಿಬಿರದ ದಿನಗಳಲ್ಲಿ ನಿಧಾನವಾಗಿ ಸೇರಿದ್ದ ಕೊಳೆಯನ್ನು ಒಂದು ಮಧ್ಯಾಹ್ನದಲ್ಲಿ ಮತ್ತೆ ತರಬೇಕಿತ್ತು. ಡಿಕಾಕ್ಷನ್‌ನಲ್ಲಿ ಅದ್ದಿದೆವು, ಗಂಜಿ ಬಿಡಲಿಲ್ಲ. ಕಲ್ಲಿಗೆ ಉಜ್ಜಿದೆವು, ಕೈ ಸೋತವು. ಆಗ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಶರಣಪ್ಪ ತನ್ನ ಗೂಡ್ಸ್ ಆಟೋಗೆ ಬಾಳೆಕಂದು, ಚೆಂಡು ಹೂವಿನ ಹಾರ ಕಟ್ಟಿ ನಮಗೆ ತೋರಿಸಲು ಬಂದಿದ್ದ. ಮಾಸ್ಟರ್ ಆಟೋ ನೋಡಿದರು, ಬಟ್ಟೆ ನೋಡಿದರು, ಹಗ್ಗ ಹುಡುಕಲು ಎದ್ದರು. ಮಂಡಿ ನೋವು ಎಲ್ಲಿ ಹೋಯಿತೋ.

"ಏನ್ರೀ ಮಾಸ್ತರ್ ಇದು! ಈಗ ಪೂಜಿ ಮಾಡಿಸ್ಕೊಂಡ ಬಂದೀನಿ. ಹೊಸ ಮದಲಿಂಗನಂಗ ಐತಿ ಗಾಡಿ. ಹಿಂದ ಹೊಲಸು ಅರಿವಿ ಕಟ್ಟಂತೀರಲ್ಲ!" ಎಂದ ಶರಣಪ್ಪ.

"ಹೊಲಸಲ್ಲಪ್ಪ, ನೋಡು, ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿ ತಂದಿದ್ದು" ಎಂದು ನಾನು ತೋರಿಸಿದೆ. ಮುನಿಯಪ್ಪಣ್ಣನ ಸಂಗತಿ ಹೇಳಿದಾಗ ಅವನು ಮರುಮಾತಾಡದೆ ಹಗ್ಗ ತಾನೇ ಬಿಗಿದ.

ಆಯುಧಪೂಜೆಯ ಮಧ್ಯಾಹ್ನ ಆ ಕಡೆಯ ರಸ್ತೆಗಳನ್ನು ನೋಡಿದವರಿಗೆ ಗೊತ್ತು. ಪ್ರತಿ ಕಾರ್ಖಾನೆಯ ಗೇಟು, ಪ್ರತಿ ಗ್ಯಾರೇಜು, ಪ್ರತಿ ಲೇತ್ ಅಂಗಡಿಯ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದು ಬಿದ್ದಿರುತ್ತದೆ. ಅದರ ಮೇಲೆ ಆಟೋ ಹಿಂದೆ ಎಳೆದಾಡುತ್ತಾ ನಮ್ಮ ಯುದ್ಧದ ಬಟ್ಟೆ ಕೆ.ಆರ್. ಪುರದ ಕಡೆಗೆ ಮೆರವಣಿಗೆ ಹೊರಟಿತು. ನಾನು ಶರಣಪ್ಪನ ಪಕ್ಕ ಕೂತಿದ್ದೆ, ಮಾಸ್ಟರ್ ಹಿಂದೆ ಹಗ್ಗ ಹಿಡಿದು ನಿಂತಿದ್ದರು. ದಾರಿಯುದ್ದಕ್ಕೂ ಜನ ಕೂಗಿದರು. ಒಬ್ಬ ಪುಣ್ಯಾತ್ಮ ಬೈಕನ್ನು ಅಡ್ಡ ತಂದು ನಿಲ್ಲಿಸಿಯೇ ಬಿಟ್ಟ.

"ಗುರು, ಸೀರೆ ಎಲ್ಲಾ ರೋಡಲ್ಲಿ ಎಳ್ಕೊಂಡ್ಹೋಗ್ತಿದೆ, ನೋಡ್ಕೊಳೋದಲ್ವಾ?"

"ಪರವಾಗಿಲ್ಲಪ್ಪ, ಇರಲಿ ಬಿಡು" ಎಂದೆ.

"ಏನು ಪರವಾಗಿಲ್ಲ ಆಂಟಿ, ಹಬ್ಬದ ದಿನ!" ಎಂದು ಅವನು ಸೀರೆಯನ್ನು ಹಗ್ಗದಿಂದ ಬಿಚ್ಚಿ, ಕೊಡವಿ, ಅಚ್ಚುಕಟ್ಟಾಗಿ ಮಡಚಿ ಮಾಸ್ಟರ್ ಕೈಗೆ ಕೊಟ್ಟು ಹೋದ. ಆ ದಿನ ಊರಿನವರೆಲ್ಲ ಒಳ್ಳೆಯವರಾಗಿದ್ದರು, ಅದೇ ನಮ್ಮ ತೊಂದರೆ. ಮತ್ತೆ ಬಿಚ್ಚಿ ಮತ್ತೆ ಕಟ್ಟಿದೆವು.

ವಾಪಸ್ ಬಂದು ನೋಡಿದರೆ ಕುಂಕುಮ, ಕುಂಬಳದ ತಿರುಳು, ಆಯಿಲ್, ಧೂಳು ಎಲ್ಲ ಬೆರೆತು ಕೂತಿತ್ತು. ಅದರ ಮೇಲೆ ಡಿಕಾಕ್ಷನ್ ಚಿಮುಕಿಸಿ ಬಿಸಿಲಿಗೆ ಹರವಿದಾಗ ಕೆಂಪು ಇಳಿದು ಕಂದು ಬಣ್ಣವಾಯಿತು. ಹಳೆಯ ರಕ್ತದ ಬಣ್ಣ ಅಷ್ಟು ನಿಜವಾಗಿ ನಮಗೆ ಎಂದೂ ಬಂದಿರಲಿಲ್ಲ. ಉಳಿದದ್ದು ಸರಸಮ್ಮನ ಹೊಲಿಗೆ. ಮೊಮ್ಮಗನ ಅಂಗಿಯ ತೋಳಿಗೆ ಆಕೆ ಹಾಕಿದ್ದ ಹೊಲಿಗೆ ಎಷ್ಟು ಸಣ್ಣದೆಂದರೆ ಬಿಚ್ಚಿದರೆ ಬಟ್ಟೆಯೇ ಬರುವ ಹಾಗಿತ್ತು. ವಿಜಯದಶಮಿಯ ಬೆಳಿಗ್ಗೆ ಮಾಸ್ಟರ್ ಬ್ಲೇಡು ಹಿಡಿದು ಅದರ ಮೇಲೆ ಬಗ್ಗಿದ್ದಾಗ ಅಜ್ಜಿಯ ಪಾತ್ರದ ಅಮ್ಮ ಬಂದರು.

"ಬಿಚ್ಚಬೇಡಿ ಖಾದರ್ ಸಾಹೇಬ್ರೇ, ಇರಲಿ. ಮೊಮ್ಮಗನ ಅಂಗಿ ಹರಿದ್ರೆ ಅಜ್ಜಿ ಆದವಳು ಸುಮ್ನೆ ನೋಡ್ತಾ ಕೂರ್ತಾಳಾ? ಶಿಬಿರದಲ್ಲಿ ನಾನೇ ಹೊಲಿದೆ ಅಂದ್ಕೊಳ್ತೀನಿ" ಎಂದರು.

ನಿರ್ದೇಶಕರು ಬಂದು ನಾಲ್ಕು ಜನರ ಸುತ್ತ ಒಂದು ಸುತ್ತು ಹಾಕಿದರು. ಅಜ್ಜಿಯ ಸೆರಗಿನಿಂದ ಏನೋ ಹೆಕ್ಕಿ ಬೆಳಕಿಗೆ ಹಿಡಿದರು. ಬೂದುಗುಂಬಳದ ಬೀಜ. ಮಾಸ್ಟರ್ ನನ್ನ ಕಾಲು ತುಳಿದರು.

"ಮಾಸ್ಟ್ರೇ, ಯುದ್ಧದಲ್ಲಿ ಬೂದುಗುಂಬಳ ಯಾರು ಒಡೆದ್ರು?"

"ಗೆದ್ದವ್ರು ಒಡೆದಿರ್ತಾರೆ ಸಾರ್" ಎಂದರು ಮಾಸ್ಟರ್.

ನಿರ್ದೇಶಕರು ಬೀಜವನ್ನು ಜೇಬಿಗೆ ಹಾಕಿಕೊಂಡರು. "ಇವತ್ತು ಕಷ್ಟ ಕಾಣ್ತಿದೆ ರೀ. ನಡೀರಿ" ಎಂದರು. ಆ ಸಿನಿಮಾದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ. ದೃಶ್ಯದಲ್ಲಿ ಹೊಸ್ತಿಲ ಮುಂದೆ ನಿಂತ ಅಜ್ಜಿ ಅಳಲಿಲ್ಲ. ಮೊಮ್ಮಗನನ್ನು ಹತ್ತಿರ ಎಳೆದುಕೊಂಡು ತೋಳಿನ ಆ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಮನೆಯನ್ನು ನೋಡುತ್ತಾ ನಿಂತರು. ಕಟ್ ಹೇಳುವುದು ನಿರ್ದೇಶಕರಿಗೂ ಮರೆತುಹೋಯಿತು.

ಸಿನಿಮಾ ಬಿಡುಗಡೆಯಾಗುವವರೆಗೆ ಮತ್ತೆ ಯಾವಾಗ ಏನು ತೆಗೆಯುತ್ತಾರೋ ಎಂದು ಬಟ್ಟೆಯನ್ನು ಹಾಗೇ ಇಟ್ಟುಕೊಂಡಿರಬೇಕು, ಅದು ನಮ್ಮ ಪದ್ಧತಿ. ಕಷ್ಟದ ಪೆಟ್ಟಿಗೆ ನಮ್ಮ ಮನೆಗೆ ಬಂತು. ಮ್ಯಾನೇಜರಿಗೆ ಕೊನೆಯವರೆಗೂ ಏನೂ ತಿಳಿಯಲಿಲ್ಲ. ಮುನಿಯಪ್ಪಣ್ಣನಿಗೂ ತಿಳಿಯಲಿಲ್ಲ ಎಂದೇ ನಾವು ಅಂದುಕೊಂಡಿದ್ದೆವು. ಬಿಡುಗಡೆಯ ದಿನ ಯೂನಿಟ್ಟಿನವರೆಲ್ಲ ಮನೆಯವರ ಸಮೇತ ಬಂದು ಸಿನಿಮಾ ನೋಡಬೇಕು ಎಂದು ಕರೆ ಬಂತು.

ಮುನಿಯಪ್ಪಣ್ಣ, ಸರಸಮ್ಮ ಇಬ್ಬರೂ ಮಡಿಮಡಿಯಾಗಿ ಬಂದು ನನ್ನ ಪಕ್ಕದಲ್ಲೇ ಕೂತರು. ಗುಂಡು, ಬಾಂಬು, ಎರಡೂ ಕಡೆ ಸಾಯುವ ಶರಣಪ್ಪ, ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆಯ ದೃಶ್ಯ ಬರುತ್ತದಲ್ಲ ಎಂಬ ಭಯ ಒಂದೇ. ಬಂತು. ತೆರೆಯ ತುಂಬ ನಮ್ಮ ಕುಂಕುಮ, ನಮ್ಮ ಕುಂಬಳಕಾಯಿ. ಹಿಂದಿನ ಸಾಲಿನ ಹೆಂಗಸರು ಬಿಕ್ಕುತ್ತಿದ್ದರು. ನಾನು ಓರೆಗಣ್ಣಿನಿಂದ ನೋಡಿದೆ. ಮುನಿಯಪ್ಪಣ್ಣ ಕಣ್ಣು ಮಿಟುಕಿಸದೆ ಕೂತಿದ್ದರು. ಅಜ್ಜಿಯ ಬೆರಳು ಅಂಗಿಯ ತೋಳಿನ ಮೇಲೆ ಬಂದಾಗ ಸರಸಮ್ಮ ಗಂಡನ ಕೈ ಹಿಡಿದುಕೊಂಡದ್ದು ಆ ಕತ್ತಲಲ್ಲೂ ಕಾಣಿಸಿತು.

ಹೊರಗೆ ಬಂದ ಮೇಲೆ ಮುನಿಯಪ್ಪಣ್ಣ ನನ್ನನ್ನು ಪಕ್ಕಕ್ಕೆ ಕರೆದರು. ಮೆಲ್ಲಗೆ ಕೇಳಿದರು.

"ಅದು ನಾನು ಒಗೀಬಾರದಾಗಿತ್ತು, ಅಲ್ವಾ ಅಕ್ಕಾ?"

"ಸರಸಮ್ಮನ ಹೊಲಿಗೆ ಇಲ್ಲದಿದ್ರೆ ಆ ಸೀನೇ ಇಲ್ಲ ಮುನಿಯಪ್ಪಣ್ಣ" ಎಂದೆ. ಅದು ನಿಜವೇ ಆಗಿತ್ತು.

ಅವರು ತಲೆಯಾಡಿಸಿದರು. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಬಟ್ಟೆ ಎಲ್ಲಿವೆ ಈಗ?"

"ನಮ್ಮನೇಲಿ, ಪೆಟ್ಟಿಗೇಲಿ."

"ಪಾಪ, ಮನೆಗೆ ಬಂದ್ರಲ್ಲ ಅವ್ರು" ಎಂದರು ಮುನಿಯಪ್ಪಣ್ಣ. "ಈಗ ಕೊಡಿ ಅಕ್ಕಾ. ಈಗ ಒಗೆದು ಕೊಡ್ತೀನಿ."

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ನಾನೇ ಘಾಟಿಗೆ ತೆಗೆದುಕೊಂಡು ಹೋದೆ.